ಕೈಯ ಗುರುತು: ಗೊಟಗೋಡಿಯ ಶಿಲ್ಪಗಳು ಮತ್ತು ಗುತ್ತಲ ಸೀಮೆಯ ಕೌದಿ

ಗುತ್ತಲ ಸೀಮೆಯ ಹಳೆಯ ಮನೆಗಳಲ್ಲಿ ಹಾಸಿಗೆಯ ಸುರುಳಿ ಬಿಚ್ಚಿದರೆ ಒಂದಾದರೂ ಕೌದಿ ಸಿಗುತ್ತದೆ. ಅಜ್ಜಿಯ ಇಳಕಲ್ಲ ಸೀರೆ, ಅಜ್ಜನ ಧೋತರ, ಮಗಳು ಚಿಕ್ಕವಳಿದ್ದಾಗ ತೊಟ್ಟ ಲಂಗ, ನೆರೆಮನೆಯವರು ಕೊಟ್ಟ ಕುಪ್ಪಸದ ತುಂಡು ಎಲ್ಲವೂ ಅದರಲ್ಲಿ ಒಂದರ ಪಕ್ಕ ಒಂದು ಕುಳಿತಿರುತ್ತವೆ. ಇದನ್ನು ಹೊಲಿದವರು ಯಾರು ಎಂದು ಮನೆಯವರನ್ನು ಕೇಳಿದರೆ ತಡವರಿಸದೆ ಹೇಳುತ್ತಾರೆ. ಒಬ್ಬಾಕೆಯ ಹೊಲಿಗೆ ಒತ್ತಾಗಿರುತ್ತದೆ, ಇನ್ನೊಬ್ಬಾಕೆಯದು ಸಡಿಲ. ಕಣ್ಣು ಮಂಜಾದ ಮೇಲೆ ಹೊಲಿದ ಸಾಲು ಸ್ವಲ್ಪ ಸೊಟ್ಟಗೆ ಹೋಗಿರುತ್ತದೆ. ಅಂಗಡಿಯಿಂದ ತಂದ ರಗ್ಗಿನಲ್ಲಿ ಈ ಸೊಟ್ಟ ಇರುವುದಿಲ್ಲ. ಅದನ್ನು ಹೊದ್ದು ಮಲಗಿದವನಿಗೆ ಅದನ್ನು ಮಾಡಿದವರ ನೆನಪೂ ಬರುವುದಿಲ್ಲ.

ಕೈಯಿಂದ ಮಾಡಿದ ವಸ್ತುವೊಂದು ಅದನ್ನು ಮಾಡಿದ ಮನುಷ್ಯನ ಬಗ್ಗೆ ಏನನ್ನಾದರೂ ಹೇಳುತ್ತದೆಯೇ? ಹೇಳುವುದಾದರೆ ಒಬ್ಬ ವ್ಯಕ್ತಿಯ ಬಗ್ಗೆ ಮಾತ್ರವೋ, ಮನುಷ್ಯ ಸ್ವಭಾವದ ಬಗ್ಗೆಯೋ? ಈ ಪ್ರಶ್ನೆಯನ್ನು ಹಾವೇರಿ ಜಿಲ್ಲೆಯ ಮಣ್ಣಿನಲ್ಲೇ ನಿಂತು ಕೇಳಿಕೊಂಡ ಕಲಾವಿದರೊಬ್ಬರಿದ್ದರು. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ, ಹುಬ್ಬಳ್ಳಿ ಮತ್ತು ಹಾವೇರಿಯ ನಡುವಿನ ಹೆದ್ದಾರಿಯ ಬದಿಗೆ ಉತ್ಸವ ರಾಕ್ ಗಾರ್ಡನ್ ಕಟ್ಟಿದ ಡಾ. ಟಿ.ಬಿ. ಸೊಲಬಕ್ಕನವರ. ಚಿತ್ರಕಾರರು, ದೊಡ್ಡಾಟದ ಅಧ್ಯಯನಕಾರರು, ಕರ್ನಾಟಕ ಬಯಲಾಟ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದ ಅವರು ನವೆಂಬರ್ 2020ರಲ್ಲಿ ತೀರಿಕೊಂಡರು. ಅವರ ಕೆಲಸದ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಪ್ರವಾಸಿಗಳಿಗೆ ಮಾಹಿತಿ ಕೊಡುವಂಥವು. ಎಷ್ಟು ಶಿಲ್ಪಗಳಿವೆ, ಮಕ್ಕಳಿಗೆ ಏನೇನು ಆಟಗಳಿವೆ ಎಂಬುದನ್ನು ಅವು ತಿಳಿಸುತ್ತವೆ. ಆದರೆ ಆ ಶಿಲ್ಪಗಳು ಮನುಷ್ಯನ ಬಗ್ಗೆ ಏನು ಹೇಳುತ್ತವೆ, ಏನು ಹೇಳದೆ ಬಿಡುತ್ತವೆ ಎಂಬ ಚರ್ಚೆ ನಡೆದದ್ದು ಕಡಿಮೆ. ಅದನ್ನು ಇಲ್ಲಿ ಮಾಡಬೇಕೆಂಬುದು ನಮ್ಮ ಉದ್ದೇಶ.

ಸೊಲಬಕ್ಕನವರ ಹೀಗೆ ಯೋಚಿಸಿದವರಲ್ಲಿ ಮೊದಲಿಗರೇನಲ್ಲ. ಈ ಸೀಮೆಗೆ ಕೈಕೆಲಸದಿಂದ ಮನುಷ್ಯನನ್ನು ಅರಿಯುವ ಹಳೆಯ ರೂಢಿಯೇ ಇದೆ. ಗುತ್ತಲ ಎಂಬುದು ಗುತ್ತವೊಳಲು. ತಮ್ಮನ್ನು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಹೇಳಿಕೊಂಡ ಗುತ್ತರಸರು ಆಳಿದ ಊರು. ಅಲ್ಲಿಗೆ ಹತ್ತಿರದಲ್ಲೇ ತುಂಗಭದ್ರೆಯ ದಂಡೆಯ ಮೇಲೆ ಚೌಡದಾನಪುರವಿದೆ. ಅಲ್ಲಿನ ಮುಕ್ತೇಶ್ವರ ಗುಡಿಯ ಶಾಸನಗಳು ಅರಸರ ವಂಶಾವಳಿಯನ್ನು ಹೇಳುತ್ತವೆ. ಗುಡಿಯ ಗೋಡೆಗಳು ಮತ್ತು ಕಂಬಗಳು ಕಲ್ಲುಕುಟಿಗರ ಕೈ ಎಷ್ಟು ನುರಿತದ್ದೆಂಬುದನ್ನು ಹೇಳುತ್ತವೆ. ಅದೇ ಊರಿನಲ್ಲಿ 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಸಮಾಧಿಯೂ ಇದೆ. ಹುಟ್ಟು ಹಾಕಿ ಜನರನ್ನು ದಾಟಿಸುತ್ತಿದ್ದವನು ಅದೇ ಕೆಲಸದ ಮಾತಿನಲ್ಲಿ ಲೋಕದ ಡಾಂಭಿಕತೆಯನ್ನು ಬಯ್ದ. ಇತ್ತ ಗೊಟಗೋಡಿ ಇರುವ ಶಿಗ್ಗಾವಿ ತಾಲೂಕಿನಲ್ಲೇ ಶಿಶುವಿನಹಾಳವಿದೆ. ಅಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ಮರಣ ಹೊಂದಿದ ಶರೀಫ ಸಾಹೇಬರಿಗೆ ಸೋರುವ ಮಾಳಿಗೆ, ತಿರುಗುವ ಗಿರಣಿ, ಮನೆಯ ಸಾಮಾನುಗಳೆಲ್ಲ ಮನುಷ್ಯನ ಒಳಗನ್ನು ತೋರಿಸುವ ಕನ್ನಡಿಗಳಾದವು. ಅವರ ಗುರು ಗೋವಿಂದ ಭಟ್ಟರು. ಮುಸಲ್ಮಾನ ಶಿಷ್ಯನೂ ಬ್ರಾಹ್ಮಣ ಗುರುವೂ ಕೂಡಿ ಬಾಳಿದ್ದನ್ನು ಈ ಜಿಲ್ಲೆಯ ಜನ ಇಂದಿಗೂ ಹಾಡಿನಲ್ಲಿ ಉಳಿಸಿಕೊಂಡಿದ್ದಾರೆ. ಸೊಲಬಕ್ಕನವರ ಶಿಲ್ಪಗಳನ್ನು ಈ ಪರಂಪರೆಯ ಬೆಳಕಿನಲ್ಲಿ ನೋಡಿದರೆ ಅವುಗಳ ಗಟ್ಟಿತನವೂ ಕೊರತೆಯೂ ಸ್ಪಷ್ಟವಾಗುತ್ತವೆ.

ಗೊಟಗೋಡಿಯಲ್ಲಿರುವುದು ಸಿಮೆಂಟಿನಲ್ಲಿ ಕಟ್ಟಿದ ಒಂದು ಉತ್ತರ ಕರ್ನಾಟಕದ ಹಳ್ಳಿ. ಸಾವಿರಕ್ಕೂ ಹೆಚ್ಚು ಶಿಲ್ಪಗಳು ಅಲ್ಲಿವೆ. ಕಮ್ಮಾರ, ಕುಂಬಾರ, ಬಡಗಿ, ಕ್ಷೌರಿಕ, ಚಮ್ಮಾರ, ಬೀಸುವ ಹೆಂಗಸರು, ಹಾಲು ಕರೆಯುವವರು, ಎತ್ತು ಎಮ್ಮೆಗಳು, ಹಿರಿಯರ ವಾಡೆ ಎಲ್ಲವೂ ನಿಜದ ಅಳತೆಯಲ್ಲಿ, ನಿಜದ ಬಣ್ಣದಲ್ಲಿ ನಿಂತಿವೆ. ಹಳ್ಳಿಗಳಲ್ಲಿ ಬದುಕುವ ನಿಜವಾದ ಜನರನ್ನೇ ಮಾದರಿಯಾಗಿ ಇಟ್ಟುಕೊಂಡು ಇವನ್ನು ಮಾಡಲಾಗಿದೆ. ದೂರದಿಂದ ನೋಡಿದವರು ಜೀವಂತ ಮನುಷ್ಯರೆಂದು ಭ್ರಮಿಸಿ ಮಾತಾಡಿಸಲು ಹೋಗುವುದುಂಟು. ಇದನ್ನು ಒಬ್ಬರೇ ಮಾಡಿದ್ದಲ್ಲ. ಸೊಲಬಕ್ಕನವರ ಕೈಕೆಳಗೆ ಪಳಗಿದ ಯುವ ಶಿಲ್ಪಿಗಳ ದೊಡ್ಡ ಗುಂಪೇ ಇದರ ಹಿಂದಿದೆ. ಅವರ ಮಗಳು ವೇದಾರಾಣಿ ದಾಸನೂರ ಮತ್ತು ಅಳಿಯ ಪ್ರಕಾಶ ದಾಸನೂರ ಈ ಕೆಲಸಕ್ಕೆ ಹೆಗಲು ಕೊಟ್ಟವರು.

ಇಲ್ಲಿ ನಮ್ಮ ಓದುಗರಲ್ಲಿ ಅನೇಕರ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ಮುಚ್ಚಿಡದೆ ಎದುರಿಸಬೇಕು. ಮನುಷ್ಯರ ಪ್ರತಿಮೆಗಳ ಬಗ್ಗೆ ಮುಸ್ಲಿಂ ಸಂಪ್ರದಾಯದಲ್ಲಿ ಒಂದು ಎಚ್ಚರವಿದೆ. ಜೀವಿಗಳ ಆಕಾರ ಮಾಡಿದವರಿಗೆ ಅಂತಿಮ ದಿನದಂದು ಅವಕ್ಕೆ ಉಸಿರು ಕೊಡಿರಿ ಎಂದು ಹೇಳಲಾಗುವುದು, ಅವರಿಂದ ಅದು ಆಗದು ಎಂಬ ಆಶಯದ ಹದೀಸ್ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಈ ಎಚ್ಚರದ ಅರ್ಥವೇನು, ಅದರ ಮಿತಿ ಎಲ್ಲಿಯವರೆಗೆ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಇತಿಹಾಸದಲ್ಲಿ ಆಚರಣೆಯೂ ಒಂದೇ ತೆರನಾಗಿರಲಿಲ್ಲ. ನಮ್ಮದೇ ಬಿಜಾಪುರದಲ್ಲಿ 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ ಚಿತ್ರಕಾರರನ್ನು ಸಾಕಿದ, ಅವರಿಂದ ತನ್ನ ಚಿತ್ರವನ್ನೂ ಬರೆಸಿದ. ಅದೇ ಅರಸನ ಗೋರಿಯಿರುವ ಇಬ್ರಾಹಿಂ ರೋಜಾದ ಗೋಡೆಗಳಲ್ಲಿ ಮಾತ್ರ ಒಂದೂ ಮುಖವಿಲ್ಲ. ಅಕ್ಷರಗಳೂ ಬಳ್ಳಿಗಳೂ ರೇಖೆಗಳೂ ಇವೆ.

ನಾವು ಇಲ್ಲಿ ಧಾರ್ಮಿಕ ತೀರ್ಪು ಕೊಡಲು ಹೊರಟಿಲ್ಲ, ಅದು ವಿಮರ್ಶೆಯ ಕೆಲಸವೂ ಅಲ್ಲ. ಆದರೆ ಆ ಎಚ್ಚರದೊಳಗೆ ಕಲೆಗೆ ಬೇಕಾದ ಒಂದು ಒಳ್ಳೆಯ ಅಳತೆಗೋಲು ಇದೆ ಎಂಬುದು ನಮಗೆ ಹೊಳೆದ ಮಾತು. ಹೋಲಿಕೆಯನ್ನು ಸಾಧಿಸಿದ ಮಾತ್ರಕ್ಕೆ ಉಸಿರು ಬರುವುದಿಲ್ಲ ಎಂದು ಅದು ಕಲಾವಿದನಿಗೆ ನೆನಪಿಸುತ್ತದೆ. ಕೈಚಳಕ ಎಷ್ಟೇ ಇರಲಿ, ಮಾಡಿದ್ದಕ್ಕೂ ಹುಟ್ಟಿದ್ದಕ್ಕೂ ನಡುವೆ ಒಂದು ಅಂತರ ಉಳಿಯುತ್ತದೆ. ಆ ಅಂತರವನ್ನು ತಿಳಿದು ಕೆಲಸ ಮಾಡಿದವನಲ್ಲಿ ವಿನಯವಿರುತ್ತದೆ. ಅದನ್ನು ಮರೆತವನು ನೋಡುವವರನ್ನು ಬೆರಗುಗೊಳಿಸುವುದಕ್ಕೇ ನಿಲ್ಲುತ್ತಾನೆ. ಗೊಟಗೋಡಿಯ ಶಿಲ್ಪಗಳನ್ನು ಈ ಅಳತೆಗೋಲಿನಿಂದ ಅಳೆದಾಗ ಅವು ಎರಡು ಗುಂಪಾಗಿ ಒಡೆಯುತ್ತವೆ.

ಮೊದಲನೆಯ ಗುಂಪು ನೋಡುಗರಿಗಾಗಿ ನಿಂತಂಥವು. ಡಾ. ರಾಜಕುಮಾರ್ ಅವರ ಸಿನಿಮಾ ಪಾತ್ರಗಳ ಶಿಲ್ಪಗಳು ಈ ಬಗೆಯವು. ಜನ ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಸಂತೋಷಪಡುತ್ತಾರೆ. ತಪ್ಪಿಲ್ಲ. ಆದರೆ ಅಲ್ಲಿ ಶಿಲ್ಪಿ ಮನುಷ್ಯನನ್ನು ನೋಡಿಲ್ಲ. ಈಗಾಗಲೇ ಪ್ರಸಿದ್ಧವಾಗಿರುವ ಚಿತ್ರವೊಂದನ್ನು ನೋಡಿದ್ದಾನೆ. ಗುರುತು ಹಿಡಿದ ಕೂಡಲೇ ನೋಡುಗನ ಕೆಲಸ ಮುಗಿದು ಹೋಗುತ್ತದೆ.

ಎರಡನೆಯ ಗುಂಪು ನಮ್ಮ ಕಡೆ ನೋಡದೇ ಇರುವಂಥವು. ಬಗ್ಗಿ ಕೆಲಸದಲ್ಲಿ ಮುಳುಗಿರುವ ಮನುಷ್ಯರು. ಇವರೆದುರು ನಿಂತಾಗ ಮೊದಲು ಕಣ್ಣಿಗೆ ಬೀಳುವುದು ಬೆನ್ನು, ಭುಜ, ಮಡಿಸಿದ ಮೊಣಕಾಲು, ಉಪಕರಣವನ್ನು ಹಿಡಿದ ಬೆರಳು. ಮುಖ ಕಾಣುವುದು ಕೊನೆಗೆ. ಒಂದೇ ಕೆಲಸವನ್ನು ನಲವತ್ತು ವರ್ಷ ಮಾಡಿದ ಮನುಷ್ಯನ ದೇಹವನ್ನು ಆ ಕೆಲಸವೇ ತಿದ್ದಿ ರೂಪಿಸಿರುತ್ತದೆ. ತಿಗುರಿಯ ಮುಂದೆ ಕೂತವನ ಬೆನ್ನು ಒಂದು ರೀತಿ ಬಾಗುತ್ತದೆ, ಕುಲುಮೆಯ ಮುಂದೆ ನಿಂತವನ ಭುಜ ಇನ್ನೊಂದು ರೀತಿ ಏರುತ್ತದೆ. ಕುಂಬಾರ ಮಡಕೆಯನ್ನು ಮಾಡುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಮಡಕೆಯೂ ಕುಂಬಾರನನ್ನು ಮಾಡುತ್ತದೆ ಎಂಬುದನ್ನು ಸೊಲಬಕ್ಕನವರ ಗಮನಿಸಿದ್ದಾರೆ. ಮನುಷ್ಯನ ಸ್ವಭಾವ ಹುಟ್ಟಿನಿಂದ ಬಂದದ್ದೋ, ಕಸುಬಿನಿಂದ ಬಂದದ್ದೋ ಎಂಬ ಹಳೆಯ ಚರ್ಚೆಗೆ ಅವರು ಕೊಟ್ಟ ಉತ್ತರ ಈ ಬಾಗಿದ ಬೆನ್ನುಗಳಲ್ಲಿದೆ. ಅವರ ಇಡೀ ಕೆಲಸದಲ್ಲಿ ನಮಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಇದು.

ಈ ನೋಟ ಅವರಿಗೆ ದೊಡ್ಡಾಟದಿಂದ ಬಂದಿರಬೇಕು ಎಂದು ನಾವು ಭಾವಿಸುತ್ತೇವೆ. ದೊಡ್ಡಾಟದಲ್ಲಿ ಬರುವ ರಾಜನೂ ರಾಕ್ಷಸನೂ ಹಗಲೆಲ್ಲ ಹೊಲದಲ್ಲೋ ಕುಲುಮೆಯಲ್ಲೋ ದುಡಿದವರು. ಕಿರೀಟ, ಭುಜಕೀರ್ತಿಗಳನ್ನು ಏರಿಸಿಕೊಂಡು ರಾತ್ರಿಯಿಡೀ ಕುಣಿಯುವಾಗಲೂ ಅವರ ನಡಿಗೆಯಲ್ಲಿ ಒಕ್ಕಲುತನ ಇಣುಕುತ್ತದೆ. ಹಳ್ಳಿಯ ಮೇಳಗಳಲ್ಲಿ ಸಾಬರ ಹುಡುಗ ಪುರಾಣದ ಪಾತ್ರ ಮಾಡಿದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ; ಅವನ ದನಿ ಚೆನ್ನಾಗಿದೆಯೇ, ಹೆಜ್ಜೆ ತಾಳಕ್ಕೆ ಬೀಳುತ್ತದೆಯೇ ಎಂಬುದನ್ನಷ್ಟೇ ನೋಡುತ್ತಿದ್ದರು. ವೇಷದೊಳಗಿನ ದುಡಿಯುವ ದೇಹವನ್ನು ನೋಡುತ್ತ ಬೆಳೆದ ಕಲಾವಿದನಿಗೆ ವೇಷವಿಲ್ಲದ ದುಡಿಯುವ ದೇಹವೇ ಶಿಲ್ಪವಾಗಿ ಕಂಡದ್ದು ಸಹಜ.

ರಾಕ್ ಗಾರ್ಡನ್ ಎಂಬ ಹೆಸರು ಕೇಳಿದ ಕೂಡಲೇ ಚಂಡೀಗಢ ನೆನಪಾಗುತ್ತದೆ. ಅಲ್ಲಿನ ರಾಕ್ ಗಾರ್ಡನ್ ಕಟ್ಟಿದ ನೇಕ್ ಚಂದ್ 1924ರಲ್ಲಿ ಹುಟ್ಟಿದ್ದು ಇಂದು ಪಾಕಿಸ್ತಾನದಲ್ಲಿರುವ ಹಳ್ಳಿಯೊಂದರಲ್ಲಿ. ವಿಭಜನೆಯ ಕಾಲಕ್ಕೆ ಊರು ಬಿಟ್ಟು ಬಂದು, ಚಂಡೀಗಢದಲ್ಲಿ ರಸ್ತೆ ಕೆಲಸದ ಇನ್‌ಸ್ಪೆಕ್ಟರ್ ಆಗಿ ಸೇರಿದರು. ಹೊಸ ನಗರ ಕಟ್ಟುವುದಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷ, ಒಡೆದ ಬಳೆ, ಒಡೆದ ಪಿಂಗಾಣಿ ಇವನ್ನು ಒಟ್ಟುಮಾಡಿ, ಯಾರಿಗೂ ಹೇಳದೆ ವರ್ಷಗಟ್ಟಲೆ ಕಾಡಿನ ಅಂಚಿನಲ್ಲಿ ಶಿಲ್ಪಗಳನ್ನು ಕಟ್ಟಿದರು. 1976ರಲ್ಲಿ ಅದು ಜನರಿಗೆ ತೆರೆಯಿತು. ಅವರು ತೀರಿಕೊಂಡದ್ದು 2015ರಲ್ಲಿ.

ಈ ಇಬ್ಬರನ್ನೂ ಹೋಲಿಸಿ ನೋಡುವುದು ಉಪಯುಕ್ತ. ಕಳೆದುಹೋದ ಊರನ್ನು ಕೈಯಿಂದ ಮತ್ತೆ ಕಟ್ಟುವ ಹಂಬಲ ಇಬ್ಬರದೂ. ನೇಕ್ ಚಂದರ ಊರನ್ನು ಗಡಿರೇಖೆ ನುಂಗಿತು. ಸೊಲಬಕ್ಕನವರ ಊರು ಇದ್ದಲ್ಲೇ ಇದ್ದು ಕರಗಿತು: ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಮಡಕೆಯ ಜಾಗಕ್ಕೆ ಪ್ಲಾಸ್ಟಿಕ್ ಕೊಡ ಬಂತು, ಬೀಸುವ ಕಲ್ಲು ಹಿತ್ತಲಿಗೆ ಹೋಯಿತು. ಆದರೆ ನೇಕ್ ಚಂದರ ಮನುಷ್ಯರಿಗೆ ಹೆಸರಿಲ್ಲ, ಜಾತಿಯಿಲ್ಲ, ಕಸುಬೂ ಸ್ಪಷ್ಟವಿಲ್ಲ. ಒಡೆದ ಬಳೆಗಳನ್ನೇ ಮೈಗೆ ಹೊದ್ದು ಸಾಲಾಗಿ ನಿಂತಿರುತ್ತಾರೆ. ಒಡಕು ಅಲ್ಲಿ ಎದ್ದು ಕಾಣುತ್ತದೆ. ಗೊಟಗೋಡಿಯಲ್ಲಿ ಎಲ್ಲರಿಗೂ ಕಸುಬು ಇದೆ, ಜಾಗ ಇದೆ, ಮೈಮೇಲೆ ಹೊಸ ಬಣ್ಣ ಇದೆ. ಒಡಕು ಮಾತ್ರ ಕಾಣುವುದಿಲ್ಲ.

ನಮ್ಮ ತಕರಾರು ಇರುವುದು ಇಲ್ಲಿಯೇ. ಹಳ್ಳಿಯ ಕಸುಬುದಾರರ ಈ ಕೂಟವನ್ನು ನಮ್ಮ ಹಿರಿಯರು ಆಯಗಾರಿಕೆ ಎಂದು ಕರೆಯುತ್ತಿದ್ದರು. ಸುಗ್ಗಿಯ ಕಣದಲ್ಲಿ ರೈತ ಕೊಡುವ ಕಾಳೇ ಕಮ್ಮಾರ, ಬಡಗಿ, ಅಗಸ, ಕ್ಷೌರಿಕ ಮೊದಲಾದವರ ವರ್ಷದ ಗಳಿಕೆ. ಮುಂಬೈ ಪ್ರಾಂತದ ಹಲವು ಹಳ್ಳಿಗಳಲ್ಲಿ ಈ ಪಾಲಿನಲ್ಲಿ ಮುಲ್ಲಾನಿಗೂ ಹಕ್ಕಿತ್ತು. ಒಬ್ಬರನ್ನೊಬ್ಬರು ಬಿಟ್ಟರೆ ಯಾರಿಗೂ ನಡೆಯುತ್ತಿರಲಿಲ್ಲ ಎಂಬುದು ಸತ್ಯ. ಆದರೆ ಆ ಕಣದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರ ಮೊರಕ್ಕೆ ಮೊದಲು ಕಾಳು ಬೀಳಬೇಕು, ಯಾರಿಗೆ ದೂರದಿಂದ ಸುರಿಯಬೇಕು ಎಂಬುದನ್ನೂ ಹುಟ್ಟು ತೀರ್ಮಾನಿಸುತ್ತಿತ್ತು. ಚರ್ಮದ ಕೆಲಸ ಮಾಡುವವನ ಮಿಣಿಯಿಲ್ಲದೆ ಬಾವಿಯಿಂದ ನೀರು ಮೇಲೆ ಬರುತ್ತಿರಲಿಲ್ಲ. ಅದೇ ಬಾವಿಯನ್ನು ಅವನು ಮುಟ್ಟುವಂತಿರಲಿಲ್ಲ. ಈ ನೋವು ಸಿಮೆಂಟಿನ ಹಳ್ಳಿಯಲ್ಲಿ ಶಿಲ್ಪವಾಗಿ ಮೂಡಿಲ್ಲ. ಅಲ್ಲಿ ಎಲ್ಲರೂ ನೆಮ್ಮದಿಯಿಂದ ದುಡಿಯುತ್ತಿದ್ದಾರೆ. ನಗರದಿಂದ ಮಕ್ಕಳನ್ನು ಕರೆದುಕೊಂಡು ಬಂದ ತಂದೆ ತಾಯಿ "ಎಂಥ ಸುಂದರ ಕಾಲ" ಎಂದು ನಿಟ್ಟುಸಿರು ಬಿಡುತ್ತಾರೆ. ಆ ಕಾಲದಲ್ಲಿ ತಮ್ಮ ಅಜ್ಜನನ್ನು ಯಾವ ಶಿಲ್ಪದ ಜಾಗದಲ್ಲಿ ನಿಲ್ಲಿಸಿದ್ದರು ಎಂದು ಕೇಳಿಕೊಳ್ಳುವವರು ವಿರಳ.

ಕಲಾವಿದನಿಗೆ ತಾನು ಪ್ರೀತಿಸಿದ್ದನ್ನು ಕಟ್ಟುವ ಸ್ವಾತಂತ್ರ್ಯವಿದೆ, ಜಗಳವನ್ನೂ ಏಕೆ ಕೆತ್ತಲಿಲ್ಲ ಎಂದು ಕೇಳುವುದು ಅನ್ಯಾಯ ಎಂದು ಯಾರಾದರೂ ಹೇಳಬಹುದು. ಈ ಮಾತಿನಲ್ಲಿ ತೂಕವಿದೆ. ಮರೆಯಾಗುತ್ತಿರುವ ಉಪಕರಣಗಳನ್ನೂ ಭಂಗಿಗಳನ್ನೂ ದಾಖಲಿಸುವುದೇ ದೊಡ್ಡ ಕೆಲಸ. ಆದರೂ ಮನುಷ್ಯ ಸ್ವಭಾವದ ಬಗ್ಗೆ ಮಾತಾಡುವ ಕಲೆ ಮನುಷ್ಯನ ಒಳ್ಳೆಯತನವನ್ನು ಮಾತ್ರ ತೋರಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಚೌಡಯ್ಯನೂ ಶರೀಫರೂ ಜನರನ್ನು ಪ್ರೀತಿಸಿದವರೇ. ಆದರೂ ಜನರ ಹೊಟ್ಟೆಕಿಚ್ಚು, ಬೂಟಾಟಿಕೆ, ದುರಾಸೆಗಳನ್ನು ಅವರು ಮುಚ್ಚಿಡಲಿಲ್ಲ.

ಹಾಗಾದರೆ ಕಪ್ಪು ಬಿಳುಪು ಎರಡನ್ನೂ ಒಟ್ಟಿಗೆ ಹಿಡಿದ ಕೈಕೆಲಸ ನಮ್ಮ ನಾಡಿನಲ್ಲಿ ಯಾವುದಿದೆ ಎಂದು ಹುಡುಕಿದರೆ ಬೀದರಿನ ಬಿದ್ರಿ ಕೆಲಸ ನೆನಪಾಗುತ್ತದೆ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ನಯಗೊಳಿಸಿದ ಮೇಲೆ ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಉಳಿಯ ಮೊನೆಯಿಂದ ಬಳ್ಳಿ ಹೂ ಬರೆಯುತ್ತಾರೆ. ರೇಖೆ ಕೊರೆದ ತೋಡಿನಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಲೋಹವೂ ಬೆಳ್ಳಿಯೂ ಒಂದೇ ಬೂದು ಬಿಳುಪಾಗಿ ಎಲ್ಲಿ ಯಾವುದಿದೆ ಎಂದೇ ತಿಳಿಯುವುದಿಲ್ಲ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಆ ಮಣ್ಣಿಗೆ ಸತುವಿನ ಮಿಶ್ರಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು.

ಬಿದ್ರಿ ಪಾತ್ರೆಯ ಹೂಬಳ್ಳಿಯಲ್ಲಿ ಮನುಷ್ಯನ ಮುಖ ಇರುವುದಿಲ್ಲ. ಆದರೆ ಅದರ ವಿಧಾನದಲ್ಲೇ ಮನುಷ್ಯನ ಬಗ್ಗೆ ಒಂದು ತಿಳಿವಳಿಕೆ ಅಡಗಿದೆ. ತಿಕ್ಕುವವರೆಗೆ ಯಾರು ಬೆಳ್ಳಿ, ಯಾರು ಸತು ಎಂದು ಹೇಳಲಾಗದು. ಇನ್ನೊಂದು ಮಾತು: ಕಪ್ಪಿಲ್ಲದೆ ಬೆಳ್ಳಿಯ ರೇಖೆಗೆ ಬೆಲೆಯಿಲ್ಲ. ಸತುವನ್ನು ಹೀನವೆಂದು ಕಿತ್ತೆಸೆದರೆ ಕೈಯಲ್ಲಿ ಉಳಿಯುವುದು ನಾಲ್ಕು ಎಳೆ ತಂತಿ ಅಷ್ಟೇ.

ಈ ಕಲೆಯ ಹಿರಿಯ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ, ಈ ಸರ್ಕಾರ ತನ್ನಂಥವನಿಗೆ ಪ್ರಶಸ್ತಿ ಕೊಡಲಾರದೆಂದು ತಿಳಿದಿದ್ದೆ, ಅದು ತಪ್ಪಾಯಿತು ಎಂಬ ಅರ್ಥದ ಮಾತನ್ನು ಅವರು ಪ್ರಧಾನಿಯವರೆದುರು ಆಡಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. ಆ ಮಾತನ್ನು ಒಂದು ಪಕ್ಷ ತನ್ನ ಪ್ರಚಾರಕ್ಕೆ ಬಳಸಿಕೊಂಡಿತು, ಇನ್ನೊಂದು ಕಡೆಯವರು ಗೇಲಿ ಮಾಡಿದರು. ಮುಪ್ಪಿನವರೆಗೂ ಬೆಳ್ಳಿ ಬಡಿದ ಒಬ್ಬ ಕಸುಬುದಾರ ತನಗೆ ಮನ್ನಣೆ ಸಿಗುವುದಿಲ್ಲ ಎಂದು ಏಕೆ ಅಂದುಕೊಂಡಿದ್ದ ಎಂಬುದನ್ನು ಯಾರೂ ಯೋಚಿಸಲಿಲ್ಲ. ಒಬ್ಬರಿಗೆ ಸಿಕ್ಕ ಪದಕ ಸಂತೋಷದ ವಿಷಯವೇ. ಆದರೆ ಅದು ಇತರ ಸಾವಿರಾರು ಕೈಗಳ ಅನುಮಾನವನ್ನು ಅಳಿಸಲು ಸಾಲದು.

ಏಕೆಂದರೆ ಅದರ ಹಿಂದಿನ ವರ್ಷವೇ, 2022ರ ಜಾತ್ರೆಯ ಕಾಲದಲ್ಲಿ, ನಮ್ಮ ರಾಜ್ಯದ ಹಲವು ಊರುಗಳಲ್ಲಿ ಮುಸಲ್ಮಾನರಿಗೆ ಅಂಗಡಿ ಹಾಕಲು ಜಾಗ ಕೊಡಬಾರದು ಎಂಬ ಬ್ಯಾನರುಗಳು ಬಿದ್ದವು. ಧಾರ್ಮಿಕ ದತ್ತಿ ಕಾಯ್ದೆಯ ಕೆಳಗೆ 2002ರಲ್ಲಿ ಬಂದ ನಿಯಮವೊಂದನ್ನು ಅದಕ್ಕೆ ಆಧಾರವಾಗಿ ತೋರಿಸಲಾಯಿತು. ಆ ಏಪ್ರಿಲ್‌ನಲ್ಲಿ ಧಾರವಾಡದ ಹತ್ತಿರದ ನುಗ್ಗಿಕೇರಿಯ ಹನುಮಂತ ದೇವಸ್ಥಾನದ ಆವರಣದಲ್ಲಿ ವಯಸ್ಸಾದ ವ್ಯಾಪಾರಿಯೊಬ್ಬರ ಕಲ್ಲಂಗಡಿ ಹಣ್ಣುಗಳನ್ನು ನೆಲಕ್ಕೆ ಒಡೆದುಹಾಕಿದ ದೃಶ್ಯವನ್ನು ನಾಡೆಲ್ಲ ನೋಡಿತು. ನುಗ್ಗಿಕೇರಿಯಿಂದ ಗೊಟಗೋಡಿಗೆ ಬಹಳ ದೂರವೇನಿಲ್ಲ. ಒಂದು ಕಡೆ ಹಳ್ಳಿಯ ಕಸುಬುದಾರರೆಲ್ಲ ಸಿಮೆಂಟಿನಲ್ಲಿ ಒಟ್ಟಿಗೆ ಕೂತಿದ್ದಾರೆ, ಜನ ಟಿಕೆಟು ಕೊಟ್ಟು ನೋಡಿ ಮೆಚ್ಚುತ್ತಾರೆ. ಇನ್ನೊಂದು ಕಡೆ ಉಸಿರಾಡುವ ಕಸುಬುದಾರನನ್ನು ಜಾತ್ರೆಯ ಬಯಲಿನಿಂದ ಎಬ್ಬಿಸಿ ಕಳಿಸುತ್ತಾರೆ. ಹೋಲಿಕೆಗೂ ಉಸಿರಿಗೂ ನಡುವಿನ ಅಂತರದ ಬಗ್ಗೆ ನಮ್ಮ ಹಿರಿಯರು ಎಚ್ಚರಿಸಿದ್ದು ಏಕೆಂದು ಆಗ ನಮಗೆ ಹೊಸದಾಗಿ ಅರ್ಥವಾಯಿತು.

ಇದರ ಹೊಣೆ ಶಿಲ್ಪಿಯ ಮೇಲಿಲ್ಲ. ಅವರು ಕಟ್ಟಿದ್ದು ಜನರನ್ನು ಕೂಡಿಸುವ ಹಳ್ಳಿಯನ್ನೇ. ನಾವು ಅದನ್ನು ಹೇಗೆ ನೋಡುತ್ತೇವೆ ಎಂಬುದರ ಮೇಲೆ ಅದರ ಅರ್ಥ ನಿಂತಿದೆ. ಕಳೆದುಹೋದ ಚೆಂದವೆಂದು ನೋಡಿದರೆ ಮನೆಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತದೆ. ಸಾಕ್ಷಿಯೆಂದು ನೋಡಿದರೆ ಅಲ್ಲಿನ ಬಾಗಿದ ಬೆನ್ನುಗಳು ನಮ್ಮನ್ನು ಪ್ರಶ್ನಿಸತೊಡಗುತ್ತವೆ. ನೇಗಿಲು ಒಕ್ಕಲಿಗನದು, ಅದರ ಮರ ಬಡಗಿಯದು, ಕುಳ ಕಮ್ಮಾರನದು, ಹಗ್ಗ ಇನ್ನೊಬ್ಬರದು. ಅರಳೆ ಬೆಳೆಯುವ ಈ ಸೀಮೆಯಲ್ಲಿ ಅದನ್ನು ಬಿಲ್ಲಿನಿಂದ ಹಿಂಜಿ ಗಾದಿ ಮಾಡಿಕೊಟ್ಟವರು ಪಿಂಜಾರರು, ನದಾಫರು. ಮದುಮಕ್ಕಳ ಗಾದಿ ಯಾವ ಜಾತಿಯ ಮನೆಯದೇ ಇರಲಿ, ಅದರೊಳಗಿನ ಅರಳೆ ಪಿಂಜಾರರ ಕೈಯಲ್ಲಿ ಹಗುರಾದದ್ದು. ಆ ಗಾದಿಯ ಮೇಲೆ ಮಲಗಿ ಎದ್ದವರ ಮೊಮ್ಮಕ್ಕಳು ಇಂದು ಪಿಂಜಾರನ ಮೊಮ್ಮಗನ ಅಂಗಡಿಯಲ್ಲಿ ಕೊಳ್ಳಬಾರದೆಂದು ಹೇಳುವುದಾದರೆ, ಮನುಷ್ಯ ಸ್ವಭಾವದಲ್ಲಿ ಮರೆವು ಎಷ್ಟು ಆಳವಾಗಿದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಮನುಷ್ಯ ಎಂಬರ್ಥದ ಅರಬ್ಬೀ ಶಬ್ದ ಇನ್ಸಾನ್ ಮರೆವು ಎಂಬರ್ಥದ ಧಾತುವಿನಿಂದ ಬಂದಿದೆ ಎಂದು ಹೇಳುವವರಿದ್ದಾರೆ. ಒಡನಾಟ, ಆತ್ಮೀಯತೆ ಎಂಬರ್ಥದ ಧಾತುವಿನಿಂದ ಬಂದಿದೆ ಎಂದು ಹೇಳುವವರೂ ಇದ್ದಾರೆ. ಶಬ್ದಶಾಸ್ತ್ರದ ತೀರ್ಮಾನ ಏನೇ ಇರಲಿ, ಎರಡೂ ಮಾತು ಮನುಷ್ಯನಿಗೆ ಒಪ್ಪುತ್ತವೆ.

ಮೊದಲು ಹೇಳಿದ ಕೌದಿಯ ಮಾತಿಗೆ ಮರಳೋಣ. ಹಾವೇರಿ ಜಿಲ್ಲೆಯ ಪಕ್ಕದ ಮುಂಡಗೋಡ, ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಯರಲ್ಲೂ ಕೌದಿ ಹೊಲಿಯುವ ದೊಡ್ಡ ಪರಂಪರೆಯಿದೆ. ಆಫ್ರಿಕಾ ಮೂಲದ ಈ ಜನರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಅವರ ಹೆಣ್ಣುಮಕ್ಕಳು ಒಂದು ಮೂಲೆಯಿಂದ ಆರಂಭಿಸಿ ಅಂಚಿನುದ್ದಕ್ಕೂ ಸುತ್ತುತ್ತ ನಡುವಿಗೆ ಬರುತ್ತಾರೆ. ಕ್ರೈಸ್ತರ ಕೌದಿಯಲ್ಲಿ ಶಿಲುಬೆ, ಮುಸಲ್ಮಾನರ ಕೌದಿಯಲ್ಲಿ ಅರ್ಧಚಂದ್ರ ಕಾಣುವುದುಂಟು. ನಾಲ್ಕು ಮೂಲೆಗೆ ಹೂವಿನಂತೆ ಮಡಿಸಿದ ತ್ರಿಕೋನದ ತುಂಡುಗಳನ್ನು ಮಾತ್ರ ಎಲ್ಲರೂ ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎಂಬುದು ಅವರ ನಂಬಿಕೆ. ನಮ್ಮ ಕಡೆಯ ಕೆಲವು ಮನೆಗಳಲ್ಲಿ ಕೊನೆಯ ತುಂಡನ್ನು ಮುಚ್ಚುವ ಮೊದಲು ಕೌದಿಯ ಹೊಟ್ಟೆ ಹಸಿದಿರಬಾರದೆಂದು ನಾಲ್ಕು ಕಾಳನ್ನೋ ರೊಟ್ಟಿಯ ಚೂರನ್ನೋ ಒಳಗಿಟ್ಟು ಹೊಲಿಯುತ್ತಾರೆ. ಹೊದೆಯುವ ಬಟ್ಟೆಗೂ ಹಸಿವು ಇರಬಹುದೆಂದು ನೆನೆದವರು ಹಸಿದ ನೆರೆಯವರನ್ನು ಮರೆತಿರಲಾರರು.

ಸೊಲಬಕ್ಕನವರ ಸಿಮೆಂಟಿನ ಹಳ್ಳಿ, ನೇಕ್ ಚಂದರ ಒಡೆದ ಬಳೆ, ಬೀದರಿನ ಕಪ್ಪು ಬೆಳ್ಳಿ, ಹೆಸರು ಗೊತ್ತಿಲ್ಲದ ಅಜ್ಜಿಯ ಕೌದಿ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ಕಾಣುವುದು ಇಷ್ಟು. ಮನುಷ್ಯ ಹುಟ್ಟಾ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಅವನು ತುಂಡುಗಳಲ್ಲಿ ಸಿಗುತ್ತಾನೆ. ಕೂಡಿಸಿ ಹೊಲಿದರೆ ಹೊದಿಕೆಯಾಗುತ್ತಾನೆ, ಬಿಟ್ಟರೆ ಚಿಂದಿಯಾಗುತ್ತಾನೆ. ಗೊಟಗೋಡಿಯ ಕಲಾವಿದರು ತುಂಡುಗಳ ನಡುವಿನ ಹೊಲಿಗೆಯನ್ನು ಬಣ್ಣದಿಂದ ಮುಚ್ಚಿದರು ಎಂಬುದು ನಮ್ಮ ಆಕ್ಷೇಪ. ಆದರೆ ತುಂಡುಗಳನ್ನೆಲ್ಲ ಒಂದೆಡೆ ತಂದಿಟ್ಟದ್ದು ಅವರ ಹಿರಿಮೆ. ಹೊಲಿಯುವ ಕೆಲಸ ಅಲ್ಲಿಗೆ ಹೋಗಿ ಬಂದವರ ಪಾಲಿಗೆ ಉಳಿದಿದೆ.

ಮುಂದಿನ ಸಲ ಆ ಹೆದ್ದಾರಿಯಲ್ಲಿ ಹೋಗುವವರು ಅಲ್ಲಿ ಇಳಿದು ಆ ಶಿಲ್ಪಗಳನ್ನು ಅಗತ್ಯವಾಗಿ ನೋಡಬೇಕು. ಮುಖಗಳನ್ನು ನೋಡಿದ ಮೇಲೆ ಒಂದು ಗಳಿಗೆ ನಿಂತು ಕೈಗಳನ್ನೂ ನೋಡಬೇಕು. ಆಮೇಲೆ ಊರಿಗೆ ಮರಳಿ ಸಂತೆಗೆ ಹೋದಾಗ, ತಕ್ಕಡಿ ಹಿಡಿದ, ಸೂಜಿ ಹಿಡಿದ, ಸುತ್ತಿಗೆ ಹಿಡಿದ ಕೈಗಳೂ ಅಂಥವೇ ಎಂಬುದು ನೆನಪಿಗೆ ಬಂದರೆ ಆ ಶಿಲ್ಪಗಳನ್ನು ಮಾಡಿದವರ ಶ್ರಮ ಸಾರ್ಥಕ.